ಮರದ ತಲೆ ಬೋಳಿಸುವ ಮೊದಲು ಬುಡ ನೋಡಿ

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಮನೆ ಅಂಕೋಲಾ ತಾಲೂಕಿನ ಅವರ್ಸಾ ಹತ್ತಿರ. ಹಂಚಿನ ಮನೆ, ಸುತ್ತ ಹತ್ತು ಗುಂಟೆ ಹಿತ್ತಲು. ಹುಬ್ಬಳ್ಳಿಯಲ್ಲಿ ನೌಕರಿ ಮುಗಿಸಿ ಮೂರು ವರ್ಷದ ಹಿಂದೆ ಊರಿಗೆ ಬಂದೆವು. ಮನೆಯಿಂದ ಪಡುವಣಕ್ಕೆ 15 ಅಡಿ ದೂರದಲ್ಲಿ ಅಜ್ಜ ನೆಟ್ಟ ಕರಿ ಇಶಾಡ ಮಾವಿನ ಮರ ಇದೆ. ಎದೆಮಟ್ಟದಲ್ಲಿ ಸುತ್ತಳತೆ 6 ಅಡಿ. ಎರಡು ತೆಂಗಿನ ಮರ ಅಡುಗೆಮನೆ ಮೇಲೆ ವಾಲಿವೆ. ರಸ್ತೆ ಬದಿಗೆ ಒಂದು ಗುಲ್‌ಮೊಹರ್, ಅದರ ಕೊಂಬೆ ಕರೆಂಟ್ ತಂತಿಗೆ ತಾಗುವಷ್ಟು ಹತ್ತಿರ. ಹಿಂದೆ ಒಂದು ಹಲಸು. ಕಳೆದ ಜುಲೈನಲ್ಲಿ ಮಾವಿನ ಕೊಂಬೆ ಮುರಿದು ಹಂಚು ಒಡೆದವು. ಈಗ ನೋಡಿದವರೆಲ್ಲ 'ಎಲ್ಲದರ ತಲೆ ಕಡಿಸಿ ಬೋಳು ಮಾಡಿ' ಅನ್ನುತ್ತಾರೆ. ಕಡಿಯುವವರು 18 ಸಾವಿರ ಹೇಳಿದ್ದಾರೆ. ಮಾವಿನ ಮರ ಮುಟ್ಟುವುದು ನನ್ನ ಹೆಂಡತಿಗೆ ಇಷ್ಟವಿಲ್ಲ. ನನಗೋ ರಾತ್ರಿ ಗಾಳಿ ಎದ್ದರೆ ನಿದ್ದೆ ಇಲ್ಲ. ಎರಡು ವರ್ಷದ ಹಿಂದೆ ಕಂಪೌಂಡ್ ಕಟ್ಟುವಾಗ ಮಾವಿನ ಬುಡದಿಂದ ಪಡುವಣಕ್ಕೆ 4 ಅಡಿ ಬಿಟ್ಟು ಪಾಯ ತೋಡಿದ್ದೆವು. ಆಮೇಲೆ ಎರಡು ಮಳೆಗಾಲ ಮರ ಗಟ್ಟಿಯಾಗಿ ನಿಂತಿದೆ, ಹಾಗಾಗಿ ಬೇರಿನ ಚಿಂತೆ ಇಲ್ಲ ಅಂದುಕೊಂಡಿದ್ದೇನೆ. ಏನು ಮಾಡಲಿ?

ಉತ್ತರ: ನಿಮ್ಮ ಹೆದರಿಕೆ ಅರ್ಥವಾಗುತ್ತದೆ. ಹಂಚಿನ ಮಾಡಿನ ಕೆಳಗೆ ಮಲಗಿ ಮರದ ಸದ್ದು ಕೇಳುತ್ತಾ ರಾತ್ರಿ ಕಳೆದವರಿಗೆ ಅದು ಗೊತ್ತು. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಕೊನೆಗೆ ನೀವು ಹಾಗೇ ಹೇಳಿ ಬಿಟ್ಟ ಮಾತು: 4 ಅಡಿ ದೂರದ ಪಾಯ. ಮೊದಲು ಅಲ್ಲಿಂದಲೇ ಶುರು ಮಾಡುತ್ತೇನೆ.

ಮರ ಎಷ್ಟು ಎತ್ತರವೋ ಬೇರೂ ಅಷ್ಟೇ ಆಳ ಅಂತ ನಮ್ಮಲ್ಲಿ ತುಂಬಾ ಜನ ನಂಬಿದ್ದಾರೆ. ಹಾಗಿರುವುದಿಲ್ಲ. ಬೇರಿನ ಬಹುಪಾಲು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ ಅಡ್ಡಕ್ಕೆ ಹರಡಿರುತ್ತದೆ, ಕೊಂಬೆಗಳ ನೆರಳನ್ನೂ ದಾಟಿ ಹೋಗಿರುತ್ತದೆ. ನಮ್ಮ ಕಡೆ ಸ್ವಲ್ಪ ಕೆಳಗೇ ಚಿರೆಕಲ್ಲು ಸಿಕ್ಕಿದರೆ ಇನ್ನೂ ಮೇಲೆಯೇ ಉಳಿಯುತ್ತದೆ. ಬಯಲಾಟದ ಟೆಂಟ್ ಹಾಕುವುದನ್ನು ನೋಡಿದ್ದೀರಲ್ಲ? ಗಾಳಿ ಬರುವ ಕಡೆಯ ಗೂಟವನ್ನು ಎರಡು ಪೆಟ್ಟು ಜಾಸ್ತಿಯೇ ಹೊಡೆಯುತ್ತಾರೆ. ಎಳೆತ ಬೀಳುವುದು ಆ ಹಗ್ಗದ ಮೇಲೆ. ಮರಕ್ಕೂ ಹಾಗೆಯೇ. ಮಳೆಗಾಲದಲ್ಲಿ ನಮಗೆ ಗಾಳಿ ಬರುವುದು ಪಡುವಣದಿಂದ, ನೈಋತ್ಯದಿಂದ. ಅದನ್ನು ತಡೆದು ಹಿಡಿಯುವ ಹಗ್ಗಗಳು ಪಡುವಣದ ಬೇರುಗಳು. ನೀವು ಪಾಯ ತೋಡಿದ್ದು ಅದೇ ಕಡೆ. ಮರದ ಮೂಡಣಕ್ಕೆ ಮನೆ ಇದೆ. ಮರ ಬುಡಸಮೇತ ಹೋದರೆ ಬೀಳುವುದು ಎಲ್ಲಿ ಅಂತ ನಾನು ಹೇಳಬೇಕಾಗಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. ಎದೆಮಟ್ಟದಲ್ಲಿ ಸುತ್ತಳತೆ 6 ಅಡಿ ಅಂದರೆ ಕಾಂಡದ ದಪ್ಪ ಸುಮಾರು 23 ಇಂಚು. ಒಂದು ಇಂಚು ದಪ್ಪಕ್ಕೆ ಒಂದು ಅಡಿಯಂತೆ, ಬುಡದ ಸುತ್ತ 23 ಅಡಿ ಮಣ್ಣು ಅಗೆಯದೆ ಬಿಟ್ಟರೆ ಮರ ಆರೋಗ್ಯವಾಗಿರುತ್ತದೆ. ಹಿತ್ತಲಲ್ಲಿ ಅಷ್ಟು ಜಾಗ ಯಾರಿಗೂ ಇರುವುದಿಲ್ಲ, ಒಪ್ಪುತ್ತೇನೆ. ಆದರೆ ಮರವನ್ನು ಎತ್ತಿ ನಿಲ್ಲಿಸುವ ದಪ್ಪ ಬೇರುಗಳು ಕಾಂಡದ ದಪ್ಪದ ಮೂರು ಪಟ್ಟು ದೂರದೊಳಗೆ ಇರುತ್ತವೆ. ನಿಮ್ಮ ಮರಕ್ಕೆ ಅದು ಸುಮಾರು 6 ಅಡಿ. ಪಾಯ ಅದರೊಳಗೆ ಬಂದಿದೆ.

'ಎರಡು ಮಳೆಗಾಲ ನಿಂತಿತಲ್ಲ' ಅನ್ನುವುದು ನಾನು ಅತಿ ಹೆಚ್ಚು ಕೇಳುವ ಮಾತು. ಬೇರು ಕಡಿದ ಕೂಡಲೇ ಮರ ಬೀಳುವುದಿಲ್ಲ. ಕಡಿದ ತುದಿಯಿಂದ ಕೊಳೆ ನಿಧಾನವಾಗಿ ಒಳಗೆ ಹೋಗುತ್ತದೆ. ಮೂರನೇ, ಐದನೇ, ಕೆಲವೊಮ್ಮೆ ಎಂಟನೇ ವರ್ಷ ಒಂದು ದಿನ ಹೋಗಿಬಿಡುತ್ತದೆ. ಆಗ ಪಾಯದ ನೆನಪು ಯಾರಿಗೂ ಇರುವುದಿಲ್ಲ. 'ಹಸಿರಾಗಿತ್ತು ಮಾರಾಯ್ರೆ, ಹೇಗೆ ಬಿತ್ತೋ' ಅನ್ನುತ್ತಾರೆ. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಆಚೆ ಸಮುದ್ರದಲ್ಲೇ ಸಾಗಿ ಗುಜರಾತ್ ಕಡೆ ಹೋಯಿತು. ಅದಾದ ವಾರ ನಾನು ಕುಮಟಾದಿಂದ ಕಾರವಾರದವರೆಗೆ ಹಲವು ಹಿತ್ತಲು ತಿರುಗಿದೆ. ಬುಡಮೇಲಾದ ಮರಗಳ ಬೇರನ್ನು ಬಗ್ಗಿ ನೋಡುವುದು ನನ್ನ ಅಭ್ಯಾಸ. ಮತ್ತೆ ಮತ್ತೆ ಕಂಡದ್ದು ಒಂದೇ: ಒಂದು ಬದಿಗೆ ಬೇರೇ ಇಲ್ಲ. ಒಮ್ಮೆ ಗಟಾರ ತೋಡಿದ್ದು, ಒಮ್ಮೆ ನೀರಿನ ಪೈಪ್ ಹಾಕಿದ್ದು, ಒಮ್ಮೆ ಕಂಪೌಂಡ್.

ಹಾಗಂತ ನಿಮ್ಮ ಮರ ಬಿದ್ದೇ ಬೀಳುತ್ತದೆ ಅಂತ ನಾನು ಹೇಳುತ್ತಿಲ್ಲ. ಅಜ್ಜ ನೆಟ್ಟ ಮರ ಅಂದರೆ ಗೊರಟೆಯಿಂದ ಎದ್ದ ಬುಡಕ್ಕೆ ಅಲ್ಲೇ ಕಸಿ ಕಟ್ಟಿದ್ದೂ ಇರಬಹುದು. ಅಂಥ ಮರಕ್ಕೆ ತಾಯಿಬೇರು ಚೆನ್ನಾಗಿ ಇಳಿದಿರುತ್ತದೆ. ಈಗಿನ ಪ್ಲಾಸ್ಟಿಕ್ ಚೀಲದ ಕಸಿ ಗಿಡದ ಹಾಗೆ ಬೇರು ಒಳಗೇ ಸುತ್ತಿಕೊಂಡಿರುವುದಿಲ್ಲ. ಹಾಗಾಗಿ ಸುಮ್ನೆ ಊಹೆ ಮಾಡುವುದು ಬೇಡ, ಅಗೆದು ನೋಡೋಣ.

ಕಂಪೌಂಡಿನ ಒಳಬದಿಯಲ್ಲಿ, ಪಾಯ ಮತ್ತು ಬುಡದ ನಡುವೆ, ಕೈಗುದ್ದಲಿಯಿಂದ ನಿಧಾನವಾಗಿ ಒಂದೂವರೆ ಅಡಿ ಮಣ್ಣು ಬಿಡಿಸಿ. ಜೆಸಿಬಿ ತರಿಸಬೇಡಿ. ಕಡಿದ ಬೇರಿನ ತುದಿ ಸಿಗುತ್ತದೆ. ತುದಿ ಗಟ್ಟಿಯಾಗಿದ್ದು, ಸುತ್ತ ಹೊಸ ಬೇರು ಒಡೆದಿದ್ದರೆ ಒಳ್ಳೆಯ ಸುದ್ದಿ. ಕಪ್ಪಾಗಿ, ಉಗುರು ಹಾಕಿದರೆ ಒಳಗೆ ಹೋಗುವಷ್ಟು ಮೆತ್ತಗಾಗಿದ್ದರೆ ಕೆಟ್ಟ ಸುದ್ದಿ. ತೋಳಿನ ದಪ್ಪದ ಬೇರು ಎಷ್ಟು ಹೋಗಿವೆ ಎಣಿಸಿ. ನೋಡಿದ ಮೇಲೆ ಅದೇ ಮಣ್ಣು ಮುಚ್ಚಿ. ಆಮೇಲೆ ಬುಡದ ಸುತ್ತ ಒಂದು ಸುತ್ತು ಬನ್ನಿ. ಮೂಡಣದ ಬದಿಗೆ ಮಣ್ಣು ಕುಸಿದು, ಪಡುವಣದ ಬದಿಗೆ ಉಬ್ಬಿದೆಯಾ? ನೆಲದಲ್ಲಿ ಬಿಲ್ಲಿನ ಹಾಗೆ ಬಾಗಿದ ಬಿರುಕು ಇದೆಯಾ? ಬುಡಕ್ಕೆ ಅಂಟಿಕೊಂಡು ತಟ್ಟೆಯಂಥ ಗಟ್ಟಿ ಅಣಬೆ ಎದ್ದಿದೆಯಾ? ಮರದ ಕೊಡಲಿ ಕಾವಿನಿಂದ ಕಾಂಡವನ್ನು ಸುತ್ತಲೂ ತಟ್ಟಿ. ಒಂದು ಕಡೆ ಡೋಲಿನ ಸದ್ದು ಬಂದರೆ ಒಳಗೆ ಟೊಳ್ಳು. ಟೊಳ್ಳು ಇದ್ದ ಮಾತ್ರಕ್ಕೆ ಮರ ಬೀಳುವುದಿಲ್ಲ. ಕೊಳವೆಯೂ ಗಟ್ಟಿಯೇ ಅಲ್ವಾ? 23 ಇಂಚಿನ ಕಾಂಡದಲ್ಲಿ ಸುತ್ತಲೂ 4 ಇಂಚಿನಷ್ಟಾದರೂ ಗಟ್ಟಿ ಮರ ಉಳಿದಿರಬೇಕು. ಟೊಳ್ಳಿಗೆ ಸಿಮೆಂಟ್ ಮಾತ್ರ ತುಂಬಿಸಬೇಡಿ. ಮರ ಗಾಳಿಗೆ ಬಾಗುತ್ತದೆ, ಸಿಮೆಂಟ್ ಬಾಗುವುದಿಲ್ಲ. ಒಳಗೆ ಉಜ್ಜಿ ಉಜ್ಜಿ ನೀರು ನಿಲ್ಲುತ್ತದೆ.

ಇನ್ನು 'ಬೋಳು ಮಾಡಿ' ಅನ್ನುವ ಸಲಹೆ.

ತಲೆ ಹಗುರಾದರೆ ಗಾಳಿ ಹಿಡಿಯುವುದಿಲ್ಲ, ಈ ಲೆಕ್ಕ ಮೊದಲ ವರ್ಷಕ್ಕೆ ಸರಿ. ಗಾಳಿಯ ವೇಗ ಎರಡು ಪಟ್ಟಾದರೆ ಮರದ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಎಲೆ ಕಡಿಮೆಯಾದರೆ ಪ್ರಯೋಜನ ಇದ್ದೇ ಇದೆ. ತೊಂದರೆ ಆಮೇಲೆ ಶುರು. ದಪ್ಪ ಕಾಂಡವನ್ನು ನಡುವೆ ಕಡಿದರೆ ಆ ಗಾಯವನ್ನು ಮುಚ್ಚಲು ಮರಕ್ಕೆ ಆಗುವುದಿಲ್ಲ. ಜೂನ್‌ನಿಂದ ನಾಲ್ಕು ತಿಂಗಳು ನಮ್ಮ ಮಳೆ ಅದರ ಮೇಲೆ ಸುರಿಯುತ್ತದೆ, ಕೊಳೆ ಇಳಿಯುತ್ತದೆ. ಎಲೆ ಕಳೆದುಕೊಂಡ ಮರ ಗಾಬರಿಯಲ್ಲಿ ಕಡಿದ ಜಾಗದ ಸುತ್ತ ಹತ್ತಿಪ್ಪತ್ತು ಚಿಗುರು ಒಟ್ಟಿಗೆ ಒಡೆಯುತ್ತದೆ. ಅವು ಹುಟ್ಟುವುದು ಸಿಪ್ಪೆಯ ಅಡಿಯಿಂದ, ಮರದ ಒಳಗಿನಿಂದಲ್ಲ. ನಾಲ್ಕೈದು ವರ್ಷಕ್ಕೆ ಅವೇ ಕಾಲಿನ ದಪ್ಪದ ಕೊಂಬೆಗಳು. ಹಿಡಿತ ಮಾತ್ರ ಸಿಪ್ಪೆಯದ್ದು, ಅದರ ಕೆಳಗೆ ಕೊಳೆತ ಮರ. ಘಟ್ಟದ ಮೇಲೆ ಶಿರಸಿ ಕಡೆ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ, ವರ್ಷ ವರ್ಷ ಸೊಪ್ಪು ಸವರಿದ ಮರಗಳನ್ನು ನೋಡಿದರೆ ಈ ಗಂಟು, ಈ ಚಿಗುರಿನ ಗೊಂಚಲು ಚೆನ್ನಾಗಿ ಕಾಣುತ್ತದೆ. ಅಲ್ಲಿ ಅದು ಸರಿ. ಸೊಪ್ಪು ತೋಟಕ್ಕೆ ಬೇಕು, ಚಿಗುರು ದಪ್ಪವಾಗುವ ಮೊದಲೇ ಮತ್ತೆ ಸವರುತ್ತಾರೆ, ಕೆಳಗೆ ಮನೆ ಇಲ್ಲ. ಮನೆ ಪಕ್ಕದ ಮರಕ್ಕೆ ಅದೇ ಕ್ರಮ ಸಲ್ಲದು.

ಈ ಕೆಲಸಕ್ಕೆ ಇಳಿದ ಹೊಸದರಲ್ಲಿ ನಾನೂ ಒಂದು ಮನೆಯವರ ಒತ್ತಾಯಕ್ಕೆ ಒಪ್ಪಿ ಮಾವಿನ ಮರವೊಂದರ ತಲೆ ಕಡಿಸಿದ್ದೆ. ಆರನೇ ವರ್ಷ ಆ ಹೊಸ ಕೊಂಬೆ ಸಿಬಿರೆದ್ದು ಕೊಟ್ಟಿಗೆ ಮೇಲೆ ಬಿತ್ತು. ಹಸು ಹೊರಗೆ ಮೇಯಲು ಹೋಗಿತ್ತು, ಅಷ್ಟೇ ಪುಣ್ಯ. ಆ ತಪ್ಪು ನನ್ನದು. ಅಂದಿನಿಂದ ತಲೆ ಕಡಿಯಿರಿ ಅಂತ ಯಾರಿಗೂ ಹೇಳಿಲ್ಲ.

ನಿಮ್ಮ ಹಂಚು ಒಡೆದ ಕೊಂಬೆಯ ಬಗ್ಗೆ ನೀವು ಹೆಚ್ಚು ಬರೆದಿಲ್ಲ. ಮರದಲ್ಲಿ ಬದನಿಕೆ ಇದೆಯಾ ನೋಡಿ. ಮಾವಿನ ಎಲೆಗಿಂತ ದಪ್ಪ ಎಲೆ, ಕೊಂಬೆಗೆ ಗಂಟು ಹಾಕಿಕೊಂಡು ಬೆಳೆಯುವ ಬೇರೆ ಗಿಡ. ಕರಾವಳಿಯ ಹಳೇ ಮಾವಿನ ಮರಗಳಲ್ಲಿ ಇದು ವಿಪರೀತ. ಹಕ್ಕಿ ತಂದು ಅಂಟಿಸಿದ ಬೀಜದಿಂದ ಬರುತ್ತದೆ, ಕೊಂಬೆಯ ನೀರು ಹೀರಿ ಅದನ್ನು ಒಣಗಿಸುತ್ತದೆ. ಅದರಾಚೆಯ ಕೊಂಬೆ ಗಾಳಿಗೆ ಲಟಕ್ಕನೆ ಹೋಗುತ್ತದೆ. ಸುಮ್ನೆ ಬದನಿಕೆಯನ್ನು ಎಳೆದು ತೆಗೆದರೆ ಮತ್ತೆ ಚಿಗುರುತ್ತದೆ. ಅದು ಕೂತ ಜಾಗಕ್ಕಿಂತ ಒಂದಡಿ ಕೆಳಗೆ, ಗಟ್ಟಿ ಭಾಗದಲ್ಲಿ ಕೊಂಬೆಯನ್ನೇ ಕತ್ತರಿಸಬೇಕು. ಕಾಂಡದ ಸಂದಿಯಲ್ಲಿ ಅರಳಿ ಸಸಿ ಎದ್ದಿದ್ದರೆ ಈಗಲೇ ಕಿತ್ತುಬಿಡಿ.

ಕೊಂಬೆ ಕಡಿಯುವ ಕ್ರಮವನ್ನು ಕೆಲಸದವರ ಪಕ್ಕದಲ್ಲಿ ನಿಂತು ನೀವೇ ನೋಡಿಕೊಳ್ಳಬೇಕು. ಮೊದಲು ಕಾಂಡದಿಂದ ಒಂದೂವರೆ ಅಡಿ ದೂರದಲ್ಲಿ ಕೊಂಬೆಯ ಅಡಿಯಿಂದ ಕಾಲುಭಾಗ ಗರಗಸ ಹಾಕಬೇಕು. ಆಮೇಲೆ ಸ್ವಲ್ಪ ಆಚೆ ಮೇಲಿನಿಂದ ಕೊಯ್ಯಬೇಕು. ಭಾರ ಹೋಗುತ್ತದೆ, ಸಿಪ್ಪೆ ಸೀಳಿಕೊಂಡು ಕೆಳಗೆ ಬರುವುದಿಲ್ಲ. ಉಳಿದ ಗೂಟವನ್ನು ಕೊನೆಗೆ ತೆಗೆಯಬೇಕು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಬಳೆಯಂತೆ ಉಬ್ಬಿದ ಭಾಗ ಇರುತ್ತದೆ. ಗಾಯ ಮುಚ್ಚುವುದು ಆ ಬಳೆಯಿಂದಲೇ. ಅದನ್ನು ಬಿಟ್ಟು, ಅದರ ಹೊರಗೆ ಕೊಯ್ಯಬೇಕು. ಕಾಂಡಕ್ಕೆ ಸಮನಾಗಿ ನುಣ್ಣಗೆ ಕೊಯ್ದರೆ ನೋಡಲು ಚಂದ, ಮರಕ್ಕೆ ಕೇಡು. ಒಂದಡಿ ಗೂಟ ಬಿಟ್ಟರೂ ಕೇಡು. ಕೊಯ್ದ ಜಾಗಕ್ಕೆ ಟಾರು, ಪೇಂಟು ಬಳಿಯಬೇಡಿ. ಅದರಡಿ ತೇವ ನಿಂತು ಕೊಳೆಗೆ ಅನುಕೂಲವಾಗುತ್ತದೆ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮುಲಾಮು ಹಚ್ಚುವ ರೂಢಿ ನಮ್ಮಲ್ಲಿದೆ. ಹಚ್ಚಿದರೆ ತೊಂದರೆಯಿಲ್ಲ, ಆದರೆ ತಪ್ಪು ಕೊಯ್ತವನ್ನು ಅದು ಸರಿ ಮಾಡುವುದಿಲ್ಲ.

ಈಗ ಮಾವಿನ ಮರಕ್ಕೆ ನಿಮ್ಮ ಮುಂದಿರುವ ದಾರಿಗಳು. ಬೇರಿನ ತುದಿ ಗಟ್ಟಿಯಾಗಿದ್ದು ಹೊಸ ಬೇರು ಬಂದಿದ್ದರೆ, ಒಣಕೊಂಬೆ, ಬದನಿಕೆ ಮತ್ತು ಹಂಚಿನ ಮೇಲೆ ಚಾಚಿದ ಕೊಂಬೆಗಳನ್ನಷ್ಟೇ ತೆಗೆಸಿ. ಹಸಿರನ್ನು ಒಂದು ಸಲಕ್ಕೆ ಕಾಲುಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಉದ್ದ ಕೊಂಬೆಯನ್ನು ಗಿಡ್ಡ ಮಾಡುವುದಿದ್ದರೆ ಒಳಗಿನ ಒಂದು ಕವಲಿನವರೆಗೆ ಕೊಯ್ಯಬೇಕು, ಗಾಳಿಯಲ್ಲಿ ಗೂಟ ಬಿಡಬಾರದು. ಒಳಗಿನ ಸಣ್ಣ ಕೊಂಬೆಗಳನ್ನೆಲ್ಲ ಸವರಿ ತುದಿಯಲ್ಲಿ ಮಾತ್ರ ಎಲೆ ಬಿಡುವವರಿದ್ದಾರೆ. ಆಗ ಭಾರವೆಲ್ಲ ತುದಿಗೆ ಬಂದು ಕೊಂಬೆ ಇನ್ನೂ ಬೇಗ ಮುರಿಯುತ್ತದೆ. ಅರ್ಧದಷ್ಟು ಬೇರು ಹೋಗಿ ಉಳಿದದ್ದು ಚೆನ್ನಾಗಿದ್ದರೆ, ಎತ್ತರವನ್ನು ಇದೇ ಕ್ರಮದಲ್ಲಿ ಈ ವರ್ಷ ಸ್ವಲ್ಪ, ಮುಂದಿನ ವರ್ಷ ಸ್ವಲ್ಪ ಇಳಿಸಬಹುದು. ಇದರಲ್ಲಿ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಹಾಗಾಗಿ ಜೋರು ಗಾಳಿಯ ರಾತ್ರಿಗಳಲ್ಲಿ ಪಡುವಣದ ಕೋಣೆಯಲ್ಲಿ ಯಾರೂ ಮಲಗಬಾರದು. ಆದರೆ ದಪ್ಪ ಬೇರುಗಳೆಲ್ಲ ಕೊಳೆತಿದ್ದರೆ, ಅಥವಾ ನೆಲದಲ್ಲಿ ಆ ಬಿಲ್ಲಿನ ಬಿರುಕು ಕಂಡರೆ, ಮರವನ್ನು ಈ ಮಳೆಗೆ ಮೊದಲೇ ತೆಗೆಸಿ. ನಿಮ್ಮ ಮನೆಯವರಿಗೆ ಇದು ಕಷ್ಟದ ಮಾತು. ನನಗೂ ಹೇಳುವುದು ಕಷ್ಟ. ಕೆಳಗೆ ಮಲಗುವವರ ಜೀವದ ಮುಂದೆ ಬೇರೆ ಲೆಕ್ಕ ನನ್ನಲ್ಲಿಲ್ಲ. ಹಗ್ಗದಿಂದ ಮನೆಗೋ ಪಕ್ಕದ ಮರಕ್ಕೋ ಬಿಗಿದು ನಿಲ್ಲಿಸಬಹುದೇ ಅಂತ ಕೇಳುವವರಿದ್ದಾರೆ. ಇಷ್ಟು ದೊಡ್ಡ ಮರ ಅಂಥ ಹಗ್ಗಕ್ಕೆ ನಿಲ್ಲುವುದಿಲ್ಲ.

ಯಾವ ದಾರಿ ಹಿಡಿದರೂ ಕಂಪೌಂಡ್ ಗೋಡೆಯ ಬುಡದಲ್ಲಿ ನಾಲ್ಕೈದು ಕಡೆ ಪೈಪ್ ಕೂರಿಸಿ ನೀರಿಗೆ ದಾರಿ ಮಾಡಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ಗೋಡೆ ಕಟ್ಟಿದ ಮೇಲೆ ಮುಂಚೆ ಹರಿದು ಹೋಗುತ್ತಿದ್ದ ನೀರು ಮಾವಿನ ಬುಡದಲ್ಲೇ ನಿಲ್ಲುತ್ತಿರಬಹುದು. ನೆನೆದು ಕೆಸರಾದ ಮಣ್ಣಿಗೆ ಬೇರನ್ನು ಹಿಡಿಯುವ ಶಕ್ತಿ ಇರುವುದಿಲ್ಲ. ಅದಕ್ಕೇ ಮೊದಲ ಮಳೆಯ ಗುಡುಗು ಗಾಳಿಗೆ ನಿಂತ ಮರ ಜುಲೈನ ಸಾದಾ ಗಾಳಿಗೆ ಬೀಳುವುದು. ಬುಡಕ್ಕೆ ಹೊಸ ಮಣ್ಣು ಏರಿಸಬೇಡಿ, ಇಂಟರ್‌ಲಾಕ್ ಹಾಕಿಸಬೇಡಿ. ಒಣಎಲೆಗಳನ್ನು ಹರಡಿ, ಕಾಂಡಕ್ಕೆ ತಾಗದ ಹಾಗೆ.

ತೆಂಗಿನ ಮರದ ವಿಷಯದಲ್ಲಿ ನೀವು ಸ್ವಲ್ಪ ನಿಶ್ಚಿಂತೆಯಿಂದ ಇರಬಹುದು. ಚಿಕ್ಕಂದಿನಿಂದ ಬೆಳಕಿಗೆ ವಾಲಿ, ಆಮೇಲೆ ತಲೆ ಮೇಲೆ ಮಾಡಿದ ತೆಂಗು ವಾಲಿಯೇ ಅರವತ್ತು ವರ್ಷ ಬದುಕುತ್ತದೆ. ಅದರ ಬುಡದಲ್ಲಿ ಸಾವಿರಾರು ಸಣ್ಣ ಬೇರು ಕಟ್ಟಿನಂತೆ ಇರುತ್ತವೆ, ಕಾಂಡ ಬಾಗಿ ಬಾಗಿ ಗಾಳಿ ಬಿಡುತ್ತದೆ. ಇತ್ತೀಚೆಗೆ ವಾಲಿದ್ದರೆ, ಬುಡದ ಒಂದು ಬದಿ ಎದ್ದಿದ್ದರೆ ಮಾತ್ರ ಹೆದರಬೇಕು. ಗಾಳಿಗೆ ಮುರಿಯುವ ತೆಂಗಿಗೆ ಬಹಳ ಸಲ ಒಳಗೆ ರೋಗ ಇರುತ್ತದೆ. ಕಾಂಡದ ತೂತಿನಿಂದ ಕಂದು ನೀರು ಸೋರುತ್ತಾ, ಅಗಿದ ನಾರು ಹೊರಗೆ ಬರುತ್ತಿದ್ದರೆ ಕೆಂಪು ಮೂತಿ ಹುಳ. ಕಿವಿ ಇಟ್ಟರೆ ಕೊರೆಯುವ ಸದ್ದೂ ಕೇಳುತ್ತದೆ. ಬುಡದಲ್ಲಿ ಕಂದು ಅಂಟು ಸೋರಿ ಅಣಬೆ ಎದ್ದರೆ ಅಣಬೆ ರೋಗ. ಅಂಥ ಮರ ಮನೆ ಮೇಲೆ ವಾಲಿದ್ದರೆ ಉಳಿಸಿಕೊಳ್ಳಬೇಡಿ. ಆರೋಗ್ಯದ ಮರಕ್ಕೆ ಬಲಿತ ಕಾಯಿ ಮತ್ತು ಒಣಗಿದ ಮಡಲು ಇಳಿಸಿದರೆ ಸಾಕು. ಹಸಿರು ಮಡಲು ಕಡಿಸಬೇಡಿ. ತೆಂಗಿಗೆ ತಿಂಗಳಿಗೆ ಒಂದೇ ಹೊಸ ಗರಿ ಬರುವುದು. ಸುತ್ತಲಿನ ಗರಿಗಳೇ ಸುಳಿಗೆ ಆಸರೆ. ಹತ್ತಿದವರು ಹಾಗೇ ಇಳಿಯದೆ ಮೇಲಿನ ಗರಿಗಳ ಸಂದಿಗೆ ಮೂರು ನಾಲ್ಕು ನುಸಿಗುಳಿಗೆ ಹಾಕಿ ಮರಳು ಮುಚ್ಚಲಿ, ಸುಳಿ ಕೊರೆಯುವ ಕುರುವಾಯಿ ದುಂಬಿಗೆ ತಡೆ. ಶೇಕಡಾ 1ರ ಬೋರ್ಡೋ ದ್ರಾವಣ ಸುಳಿಗೆ ಸಿಂಪಡಿಸಿದರೆ ಸುಳಿ ಕೊಳೆಗೂ ಆಯಿತು.

ಗುಲ್‌ಮೊಹರ್ ತೆಗೆಸಿಬಿಡಿ. ಹೂವು ಚಂದವೇ. ಆದರೆ ಬೇರು ಮೇಲ್ಮೇಲೆ, ಕೊಂಬೆ ಬೇಗ ಮುರಿಯುವಂಥದ್ದು, ಹರವು ಅಗಲ, ಪಕ್ಕದಲ್ಲಿ ತಂತಿ. ನಮ್ಮ ಗಾಳಿಗೆ ಅದು ಹೇಳಿದ ಮರವಲ್ಲ. ತಂತಿಯ ಹತ್ತಿರದ ಕೊಂಬೆಗೆ ಮನೆಯವರಾಗಲಿ ಕೂಲಿಯವರಾಗಲಿ ಕೈ ಹಾಕುವುದು ಬೇಡವೇ ಬೇಡ. ಹಸಿ ಕೊಂಬೆಯಲ್ಲೂ ಕರೆಂಟ್ ಹರಿಯುತ್ತದೆ. ಕರೆಂಟ್ ಕಂಪನಿ ಹೆಸ್ಕಾಂನ ಕಚೇರಿಗೆ ಅರ್ಜಿ ಕೊಟ್ಟು ಲೈನ್ ಬಂದ್ ಮಾಡಿಸಿಯೇ ಕೆಲಸ ಶುರು ಮಾಡಿ. ಮಳೆಗಾಲದಲ್ಲಿ ತಂತಿ ಹರಿದು ಬಿದ್ದರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಿ. ಆ ಜಾಗದಲ್ಲಿ, ತಂತಿಯಿಂದ ದೂರ ಸರಿದು, ಬಕುಲವನ್ನೋ ಮುರುಗಲನ್ನೋ ನೆಡಿ. ಸಮುದ್ರ ಹತ್ತಿರವಿದ್ದರೆ ಸುರಹೊನ್ನೆ. ಉಪ್ಪುಗಾಳಿಗೆ ಹುಟ್ಟಿದ ಮರ ಅದು.

ಹಲಸಿನ ಬಗ್ಗೆ ಚಿಂತೆ ಬೇಡ. ಒಣಕೊಂಬೆ ಇದ್ದರೆ ತೆಗೆಸಿ, ಅಷ್ಟೇ.

ಸ್ವಂತ ಹಿತ್ತಲಿನ ಮರವಾದರೂ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕಾಗುತ್ತದೆ. ತೆಂಗಿನಂಥ ಕೆಲವು ಜಾತಿಗೆ ವಿನಾಯಿತಿ ಇದೆ, ಆ ಪಟ್ಟಿಗೆ ತಿದ್ದುಪಡಿಗಳೂ ಆಗಿವೆ. ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಮಾವು, ಗುಲ್‌ಮೊಹರ್ ಎರಡರ ಬಗ್ಗೆಯೂ ಕೇಳಿ. ಬೇರಿನ ಫೋಟೋ, ಮನೆಗಿರುವ ದೂರ ಎಲ್ಲ ಅರ್ಜಿಯ ಜೊತೆ ಇಡಿ.

ಕಡಿಯುವವರು 18 ಸಾವಿರ ಹೇಳಿದ್ದು ಬೋಳು ಮಾಡುವುದಕ್ಕೆ. ಅದೇ ಹಣಕ್ಕೆ ನಿಧಾನವಾಗಿ, ಹಗ್ಗ ಕಟ್ಟಿ ಕೊಂಬೆ ಇಳಿಸುವವರು ಸಿಗುತ್ತಾರಾ ವಿಚಾರಿಸಿ. ಮರ ಹತ್ತುವವರು ಸೊಂಟಕ್ಕೆ ಹಗ್ಗ ಇಲ್ಲದೆ ಹತ್ತಿದರೆ ನೀವೇ ತಡೆಯಿರಿ. ಮಳೆ ಬಂದು ಕಾಂಡ ಒದ್ದೆಯಾದ ದಿನ ಕೆಲಸ ಬೇಡ. ತೆಂಗು ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ನಿಮ್ಮ ಮರ ಹತ್ತುವವರಿಗೆ ಗೊತ್ತಿಲ್ಲದಿದ್ದರೆ ತಿಳಿಸಿ.

ಮೃಗಶಿರ ಹಿಡಿಯುವ ಜೂನ್ 7, 8ರವರೆಗೆ ಸಮಯ ಇದೆ ಅಂತ ಕೂರಬೇಡಿ. ತೌಕ್ತೆ ಬಂದದ್ದು ಮೇ ಮಧ್ಯಕ್ಕೆ. ಬೇರು ನೋಡುವ ಕೆಲಸ ಈ ವಾರ, ಅನುಮತಿಯ ಅರ್ಜಿ ಅದರ ಮಾರನೇ ದಿನ, ಅಪಾಯದ ಕೊಂಬೆ ಮೇ 10ರೊಳಗೆ. ಮಾವಿನ ಉಳಿದ ಕೊಂಬೆ ಕೆಲಸ ಕಾಯಿ ಇಳಿಸಿದ ಕೂಡಲೇ, ಮಳೆ ಹಿಡಿಯುವ ಮೊದಲಿನ ಒಣ ದಿನಗಳಲ್ಲಿ ಮುಗಿಯಲಿ.

ಕೊನೆಯದಾಗಿ ನಿಮ್ಮ ಮನೆಯವರಿಗೆ ಒಂದು ಮಾತು. ಅಂಕೋಲೆಯ ಕರಿ ಇಶಾಡಕ್ಕೆ 2023ರಲ್ಲಿ ಭೌಗೋಳಿಕ ಸೂಚಿಕೆ (ಜಿಐ), ಅಂದರೆ ಈ ಊರಿನದ್ದೇ ತಳಿ ಅನ್ನುವ ಮಾನ್ಯತೆ, ಸಿಕ್ಕಿದೆ. ನಿಮ್ಮ ಅಜ್ಜನ ಮರದ ಹಣ್ಣಿನ ರುಚಿ ನಿಮಗೇ ಗೊತ್ತು. ಬೇರು ಹೇಗೇ ಇರಲಿ, ಈಗಲೇ ಅದರ ಕಸಿ ಮಾಡಿಸಿ. ಬಲಿತ, ಪೆನ್ಸಿಲ್ ದಪ್ಪದ ತುದಿ ಕಡ್ಡಿಗಳನ್ನು ಆರಿಸಿ, ವಾರ ಹತ್ತು ದಿನ ಮೊದಲು ತೊಟ್ಟು ಬಿಟ್ಟು ಎಲೆ ಮಾತ್ರ ಕತ್ತರಿಸಿಡಿ. ತುದಿಮೊಗ್ಗು ಉಬ್ಬಿದಾಗ ಕಡ್ಡಿ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿ, ಹತ್ತಿರದ ನರ್ಸರಿಯಲ್ಲಿ ಅವರ ಸಸಿಗೇ ಕಟ್ಟಿಸಿ. ಮರ ಉಳಿಯುವುದಾದರೆ ಈ ಮೇನಲ್ಲಿ ಕಾಟುಮಾವಿನ ಗೊರಟೆ ಊರಿ, ಜುಲೈ ಆಗಸ್ಟ್‌ನಲ್ಲಿ ಎಳೆ ಸಸಿಗೆ ಮನೆಯಲ್ಲೇ ಕಸಿ ಕಟ್ಟಬಹುದು. ಐದಾರು ಗಿಡ ಮಾಡಿಸಿ, ಒಂದೆರಡು ಸಾಯುತ್ತವೆ. ನೆಡುವಾಗ ಮನೆಯಿಂದ 30 ಅಡಿ ದೂರ ಬಿಡಿ, ಕಂಪೌಂಡಿನಿಂದಲೂ ಬೇಕಾದಷ್ಟು ಜಾಗ ಬಿಡಿ. ಬೇರಿನ ಫೋಟೋ ತೆಗೆದರೆ ನನಗೂ ಕಳಿಸಿ. ಪಕ್ಕದಲ್ಲಿ ಒಂದು ಕತ್ತಿಯನ್ನೋ ಅಳತೆಪಟ್ಟಿಯನ್ನೋ ಇಟ್ಟು ತೆಗೆಯಿರಿ, ದಪ್ಪ ಗೊತ್ತಾಗಲಿ.